ಹೂಳಿನ ತೇದಿ, ಬರಹದ ತೇದಿ: ಪ್ರಳಯದ ಕತೆಗಳ ಬಗ್ಗೆ ಒಂದು ತಿದ್ದುಪಡಿ

ಏಳೆಂಟು ವರ್ಷದ ಹಿಂದೆ ಒಂದು ತಾಲ್ಲೂಕು ಊರಿನಲ್ಲಿ ನಾನು ಮಾಡಿದ ಭಾಷಣದ ಒಂದು ಸ್ಲೈಡ್ ಈಗಲೂ ವಾಟ್ಸ್ಆಪ್‌ನಲ್ಲಿ ಓಡಾಡುತ್ತಿದೆ. ಎಡಗಡೆ ಇರಾಕಿನ ಊರ್ ಎಂಬ ಹಳೇ ಪಟ್ಟಣದಲ್ಲಿ ತೋಡಿದ ಆಳವಾದ ಗುಂಡಿ, ಬಲಗಡೆ ಕೀಲಾಕ್ಷರದ ಮಣ್ಣಿನ ಫಲಕ, ನಡುವೆ ಒಂದು ಬಾಣದ ಗುರುತು. ಕೆಳಗೆ ನನ್ನದೇ ವಾಕ್ಯ: ಪ್ರಳಯ ನಿಜವಾಗಿ ನಡೆದಿತ್ತು, ಮಣ್ಣೇ ಸಾಕ್ಷಿ. ಅದರ ಕೆಳಗೆ ನನ್ನ ಹೆಸರು. ಹೋದ ತಿಂಗಳು ಅದೇ ಚಿತ್ರ ನನಗೇ ಫಾರ್ವರ್ಡ್ ಆಗಿ ಬಂತು, ಈ ಸಲ ಮನುವಿನ ದೋಣಿಯ ಬಣ್ಣದ ಚಿತ್ರವೊಂದನ್ನೂ ಸೇರಿಸಿದ್ದರು. ಕಳಿಸಿದವರು ಈ ಬರಹಗಳನ್ನು ತಪ್ಪದೆ ಓದುವವರೇ. ಹಾಗಾಗಿ ತಿದ್ದುಪಡಿಯನ್ನೂ ಇಲ್ಲೇ ಬರೆಯಬೇಕು ಅನ್ನಿಸಿತು.

ಅವತ್ತು ಭಾಷಣ ಮುಗಿದ ಮೇಲೆ ನಿವೃತ್ತ ಮೇಷ್ಟ್ರೊಬ್ಬರು ಎದ್ದು ನಿಂತು ಕೇಳಿದ್ದು ನೆನಪಿದೆ: "ಸರ್, ಒಂದ್ ಸಣ್ಣ ಅನುಮಾನ. ಆ ಹೂಳಿನ ತೇದಿ ಯಾವುದು, ಆ ಫಲಕದ ತೇದಿ ಯಾವುದು?" ನಾನು ಏನೋ ಹಾರಿಕೆಯ ಉತ್ತರ ಕೊಟ್ಟೆ. ಒಂದು ವೀರಗಲ್ಲಿನ ಲಿಪಿಗೂ ಅದರಲ್ಲಿ ಹೇಳಿರುವ ಕಾಳಗಕ್ಕೂ ನೂರು ವರ್ಷದ ಅಂತರ ಬಂದರೆ ಪುಟಗಟ್ಟಲೆ ತಕರಾರು ಬರೆಯುವ ನಾನು, ಇರಾಕಿನ ಹೂಳಿನ ವಿಷಯಕ್ಕೆ ಬಂದಾಗ ಆ ಪ್ರಶ್ನೆಯನ್ನೇ ಕೇಳಿಕೊಂಡಿರಲಿಲ್ಲ.

ಮೊದಲು ಊರ್‌ನ ಗುಂಡಿಯನ್ನೇ ನೋಡೋಣ. ಬ್ರಿಟಿಷ್ ಮ್ಯೂಸಿಯಂ ಮತ್ತು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮ್ಯೂಸಿಯಂ ಸೇರಿ 1922ರಿಂದ 1934ರವರೆಗೆ ಅಲ್ಲಿ ಉತ್ಖನನ ನಡೆಸಿದವು. ಮುಖ್ಯಸ್ಥ ಲಿಯೊನಾರ್ಡ್ ವೂಲಿ. ರಾಜಮನೆತನದ ಸಮಾಧಿಗಳ ಕೆಳಗೆ ಏನಿದೆ ನೋಡೋಣ ಅಂತ 1929ರ ಸುಮಾರಿಗೆ ಗುಂಡಿ ಇಳಿಸಿದಾಗ ಮಡಕೆ ಚೂರುಗಳು ಒಮ್ಮೆಲೇ ನಿಂತುಹೋದವು. ಬರೀ ಶುದ್ಧವಾದ, ನೀರು ತಂದು ಹಾಕಿದ ಹೂಳು. ಕೆಲಸದಾಳು ತಳ ಸಿಕ್ಕಿತು ಅಂದುಕೊಂಡ. ಮಟ್ಟದ ಲೆಕ್ಕ ಹಾಕಿದ ವೂಲಿ ಇನ್ನೂ ತೋಡಿಸಿದರು. ಎಂಟು ಅಡಿ ಹೂಳು ದಾಟಿದ ಮೇಲೆ ಮತ್ತೆ ಮಡಕೆ ಚೂರು, ಮತ್ತೆ ಮನುಷ್ಯ ವಾಸದ ಗುರುತು! ಆಮೇಲೆ ತೋಡಿದ ದೊಡ್ಡ ಗುಂಡಿಯಲ್ಲಿ ಹೂಳು ಹನ್ನೊಂದು ಅಡಿಯವರೆಗೂ ಸಿಕ್ಕಿತು. ಇದೇನು ಅಂತ ಸಿಬ್ಬಂದಿಯನ್ನು ಕೇಳಿದರೆ ಯಾರಿಗೂ ಉತ್ತರ ಹೊಳೆಯಲಿಲ್ಲವಂತೆ. ಅವರ ಹೆಂಡತಿ ಕ್ಯಾಥರೀನ್ ಬಂದು ನೋಡಿ, ಇನ್ನೇನು, ಪ್ರಳಯವೇ ಅಂದು ನಡೆದರಂತೆ. ವೂಲಿ ತಾವೇ ಬರೆದುಕೊಂಡಿರುವ ಪ್ರಸಂಗ ಇದು. ಪತ್ರಿಕೆಗಳಿಗೆ ಇಷ್ಟು ಸಾಕಾಗಿತ್ತು.

ವೂಲಿಯ ಪರವಾಗಿ ಒಂದು ಮಾತು ಹೇಳಲೇಬೇಕು. ಇದು ಜಗತ್ತೇ ಮುಳುಗಿದ ಪ್ರವಾಹ ಅಂತ ಅವರು ಹೇಳಲಿಲ್ಲ. ಟೈಗ್ರಿಸ್ ಮತ್ತು ಯೂಫ್ರಟೀಸ್ ನದಿಗಳ ಕೆಳಕಣಿವೆಯಲ್ಲಿ ಬಂದ ದೊಡ್ಡ ನೆರೆ, ಅಲ್ಲಿದ್ದವರಿಗೆ ಆ ಕಣಿವೆಯೇ ಜಗತ್ತು ಅಂತ ಅವರ ವಾದ. ಎಚ್ಚರದ ಮಾತೇ. ಆದರೆ ತೊಂದರೆ ಇರುವುದು ಆ ಎಚ್ಚರದ ಮಾತಿನಲ್ಲೇ. ಊರ್‌ನಲ್ಲೇ ಇಳಿಸಿದ ಎಲ್ಲ ಗುಂಡಿಗಳಲ್ಲೂ ಆ ಹೂಳು ಸಿಗಲಿಲ್ಲ. ಅಲ್ಲಿಂದ ಇಪ್ಪತ್ತು ಕಿಲೋಮೀಟರ್ ಆಸುಪಾಸಿನಲ್ಲಿರುವ ಎರಿದುವಿನಲ್ಲಿ 1940ರ ದಶಕದ ಕೊನೆಗೆ ಫುಆದ್ ಸಫರ್ ಮತ್ತು ಸೀಟನ್ ಲಾಯ್ಡ್ ತಳದವರೆಗೆ ತೋಡಿದರು. ಅಲ್ಲಿ ಪ್ರವಾಹದ ಹೂಳೇ ಇರಲಿಲ್ಲ. ಕಿಶ್‌ನಲ್ಲಿ ಹೂಳು ಸಿಕ್ಕಿತು, ಆದರೆ ಕಾಲ ಬೇರೆ. ಶುರುಪ್ಪಕ್‌ನಲ್ಲಿ, ಅಂದರೆ ಈಗಿನ ಫಾರಾದಲ್ಲಿ, 1931ರಲ್ಲಿ ಎರಿಕ್ ಶ್ಮಿಟ್‌ಗೂ ಸಿಕ್ಕಿತು, ಅದು ಕ್ರಿ.ಪೂ. 2900ರ ಸುಮಾರಿನದು. ಊರ್‌ನ ಹೂಳು ಅದಕ್ಕಿಂತ ತುಂಬಾ ಹಿಂದಿನದು. ಹಳೆಯ ಪುಸ್ತಕಗಳು ಕ್ರಿ.ಪೂ. 3500 ಅನ್ನುತ್ತವೆ. ಆದರೆ 2014ರಲ್ಲಿ ಪೆನ್ಸಿಲ್ವೇನಿಯಾದ ಮ್ಯೂಸಿಯಂ ತನ್ನ ಉಗ್ರಾಣದಲ್ಲಿ ಲೇಬಲ್ ಇಲ್ಲದೆ ಬಿದ್ದಿದ್ದ ಒಂದು ಅಸ್ಥಿಪಂಜರ ಯಾವುದು ಅಂತ ಪತ್ತೆ ಹಚ್ಚಿತು. ವೂಲಿ ಅದೇ ಹೂಳಿನೊಳಗೆ ತೋಡಿದ್ದ ಸಮಾಧಿಯಿಂದ ತಂದದ್ದು ಅದು. ಸುಮಾರು 6,500 ವರ್ಷ ಹಳೆಯದು. ಸಮಾಧಿಯೇ ಅಷ್ಟು ಹಳೆಯದಾದರೆ ಅದು ಕೊರೆದುಕೊಂಡು ಇಳಿದ ಹೂಳು ಇನ್ನೂ ಹಳೆಯದು. (ಆ ಅಸ್ಥಿಪಂಜರಕ್ಕೆ ನೋವಾ ಅಂತ ಅಡ್ಡಹೆಸರು ಇಟ್ಟರು. ನೆರೆ ಬಂದು ಹೋಗಿ ಎಷ್ಟೋ ಕಾಲವಾದ ಮೇಲೆ ಹೂಳಿಸಿಕೊಂಡ ಪಾಪದ ಮನುಷ್ಯ.)

ಅಂದರೆ ಒಂದು ಪ್ರಳಯ ಅಲ್ಲ, ಬೇರೆ ಬೇರೆ ಕಾಲದ ಬೇರೆ ಬೇರೆ ನೆರೆಗಳು. ಆ ಬಯಲಿನಲ್ಲಿ ನೆರೆ ಬರುವುದು ಸುದ್ದಿಯೇ ಅಲ್ಲ. ಎರಡು ದೊಡ್ಡ ನದಿಗಳು, ಇಳಿಜಾರೇ ಇಲ್ಲದ ನೆಲ, ವಸಂತದಲ್ಲಿ ಬೆಟ್ಟದ ಹಿಮ ಕರಗಿ ಪೈರಿನ ಹೊತ್ತಿಗೇ ಬರುವ ನೀರು. ಇಂಥ ಕಡೆ ಎಲ್ಲಿ ತೋಡಿದರೂ ಯಾವುದೋ ಒಂದು ಹೂಳು ಸಿಕ್ಕೇ ಸಿಗುತ್ತೆ. ಎಲ್ಲ ಕಡೆ ಸಿಗುವಂಥದ್ದನ್ನು ಒಂದು ನಿರ್ದಿಷ್ಟ ಕತೆಗೆ ಸಾಕ್ಷಿ ಅಂತ ಕರೆಯೋದು ಹೇಗೆ?

ಈಗ ಬಾಣದ ಇನ್ನೊಂದು ತುದಿ. ಬರಹ.

ಇಲ್ಲಿ ಶಾಸನ ಓದುವವರಿಗೆ ಕೆಲಸ ಇದೆ, ಹಾಗಾಗಿ ಸ್ವಲ್ಪ ನಿಧಾನಿಸುತ್ತೇನೆ. 1872ರ ಡಿಸೆಂಬರ್ 3ರಂದು ಲಂಡನ್ನಿನಲ್ಲಿ ಜಾರ್ಜ್ ಸ್ಮಿತ್, ಪ್ರಧಾನಿ ಗ್ಲಾಡ್‌ಸ್ಟನ್ ಎದುರಿಗೇ ಓದಿ ಹೇಳಿದ ಫಲಕ ಗಿಲ್ಗಮೆಶ್ ಕಾವ್ಯದ ಹನ್ನೊಂದನೆಯದು. ಬ್ಯಾಂಕ್ ನೋಟಿನ ಅಚ್ಚು ಕೆತ್ತುವ ಕೆಲಸ ಕಲಿತಿದ್ದ ಸ್ಮಿತ್, ಊಟದ ಬಿಡುವಿನಲ್ಲಿ ಮ್ಯೂಸಿಯಂಗೆ ಹೋಗಿ ಹೋಗಿಯೇ ಕೀಲಾಕ್ಷರ ಓದಲು ಕಲಿತವರು. ಫಲಕ ಮಾತ್ರ ಕ್ರಿ.ಪೂ. 7ನೇ ಶತಮಾನದ್ದು, ನಿನೆವೆಯ ಅಶೂರ್‌ಬನಿಪಾಲನ ಗ್ರಂಥಭಂಡಾರದ ಪ್ರತಿ. ಇದಕ್ಕಿಂತ ಹಳೆಯದು ಅತ್ರಹಾಸಿಸ್ ಕಾವ್ಯ. ಅಮ್ಮಿಸದುಕ ರಾಜನ ಕಾಲದಲ್ಲಿ, ಕ್ರಿ.ಪೂ. 17ನೇ ಶತಮಾನದಲ್ಲಿ, ನಕಲು ಮಾಡಿದ ಲಿಪಿಕಾರನ ಹೆಸರೂ ತೇದಿಯೂ ಫಲಕಗಳಲ್ಲೇ ಇವೆ. ಸುಮೇರಿಯನ್ ಭಾಷೆಯ ಪ್ರಳಯದ ಕತೆ ನಿಪ್ಪುರ್‌ನ ಒಂದು ಒಡೆದ ಫಲಕದಲ್ಲಿದೆ, 1914ರಲ್ಲಿ ಆರ್ನೊ ಪೊಯಬೆಲ್ ಪ್ರಕಟಿಸಿದ್ದು. ಅದೂ ಹೆಚ್ಚೂಕಮ್ಮಿ ಅದೇ ಕಾಲದ್ದು. ಊರ್‌ನ ಹೂಳಿಗೂ ಇವುಗಳಿಗೂ ಅಂತರ ಎಷ್ಟು? ಕಡಿಮೆ ಅಂದರೂ ಎರಡೂವರೆ ಸಾವಿರ ವರ್ಷ. ಮೇಷ್ಟ್ರ ಪ್ರಶ್ನೆಗೆ ಅವತ್ತು ಕೊಡಬೇಕಿದ್ದ ಉತ್ತರ ಇದು.

ಬಾಯಿಂದ ಬಾಯಿಗೆ ಕತೆ ಉಳಿದಿರಬಹುದಲ್ಲ ಅಂತ ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಆದರೆ ಇಲ್ಲಿ ಪ್ರತಿಗಳೇ ಬೇರೆ ಏನನ್ನೋ ಹೇಳುತ್ತಿವೆ. ಸುಮೇರಿಯದ ರಾಜರ ಪಟ್ಟಿ ಅನ್ನುವ ಬರಹವೊಂದಿದೆ. ಅದರ ಹೆಸರಾದ ಪ್ರತಿ ಆಕ್ಸ್‌ಫರ್ಡ್‌ನ ಆಶ್‌ಮೋಲಿಯನ್ ಮ್ಯೂಸಿಯಂನಲ್ಲಿದೆ. ನಾಲ್ಕು ಮುಖದ ಮಣ್ಣಿನ ಪಟ್ಟಕ, ಕ್ರಿ.ಪೂ. 1800ರ ಸುಮಾರಿನದು. ಐದು ಪಟ್ಟಣ, ಎಂಟು ರಾಜರು, ಒಟ್ಟು 2,41,200 ವರ್ಷ ಆಳಿದರು, ಆಮೇಲೆ ಪ್ರಳಯ ಎಲ್ಲವನ್ನೂ ಗುಡಿಸಿಹಾಕಿತು, ಮತ್ತೆ ಅರಸೊತ್ತಿಗೆ ಆಕಾಶದಿಂದ ಇಳಿದು ಕಿಶ್ ಪಟ್ಟಣಕ್ಕೆ ಬಂತು ಅಂತ ಅದರ ಆರಂಭ. ಈ ಪ್ರಳಯದ ಭಾಗ ಆಮೇಲೆ ಅಂಟಿಸಿದ್ದು ಅಂತ ಥೋರ್ಕಿಲ್ಡ್ ಯಾಕೊಬ್ಸೆನ್ 1939ರಲ್ಲೇ ಪಾಠಾಂತರಗಳನ್ನು ಹೋಲಿಸಿ ವಾದಿಸಿದ್ದರು. 2003ರಲ್ಲಿ ಪ್ರಕಟವಾದ ಇನ್ನೊಂದು ಪ್ರತಿ ಶುಲ್ಗಿ ರಾಜನ ಕಾಲದ್ದು, ಆಶ್‌ಮೋಲಿಯನ್ ಪ್ರತಿಗಿಂತ ಇನ್ನೂರಕ್ಕೂ ಹೆಚ್ಚು ವರ್ಷ ಹಳೆಯದು. ಅದರಲ್ಲಿ ಪ್ರಳಯಕ್ಕೆ ಮುಂಚಿನ ರಾಜರೂ ಇಲ್ಲ, ಪ್ರಳಯವೂ ಇಲ್ಲ. ಅರಸೊತ್ತಿಗೆ ನೇರವಾಗಿ ಇಳಿದು ಕಿಶ್‌ಗೆ ಬರುತ್ತೆ.

ಇದನ್ನು ಓದಿದ ದಿನ ನಾನು ಆ ಸ್ಲೈಡ್ ತೆಗೆದುಹಾಕಿದ್ದು. ಹಳೆಯ ಪ್ರತಿಯಲ್ಲಿ ಇಲ್ಲದ ಸಾಲು ಹೊಸ ಪ್ರತಿಯಲ್ಲಿ ಕಂಡರೆ ನಾವು ಏನು ಹೇಳುತ್ತೇವೆ? ನಮ್ಮ ತಾಮ್ರಪಟಗಳ ವಂಶಾವಳಿಯ ವಿಷಯದಲ್ಲಿ ದಿನಾ ಮಾಡುವ ಕೆಲಸವೇ ಇದು. ಹಳೆಯ ಪಟದಲ್ಲಿ ಮೂರು ತಲೆಮಾರು, ನೂರು ವರ್ಷದ ಮೇಲಿನದರಲ್ಲಿ ಹತ್ತು ತಲೆಮಾರು, ಆಮೇಲೆ ಅಯೋಧ್ಯೆಯಿಂದ ಬಂದವರು. ಅಯೋಧ್ಯೆಯಲ್ಲಿ ಗುಂಡಿ ತೋಡಿ ಅದನ್ನು ಖಾತ್ರಿ ಮಾಡಿಕೊಳ್ಳೋಣ ಅಂತ ಯಾರೂ ಹೊರಡಲ್ಲ. ಈ ಕೊಂಡಿ ಯಾವ ಅರಸನಿಗೆ ಯಾಕೆ ಬೇಕಾಯ್ತು ಅಂತ ಕೇಳುತ್ತೇವೆ.

ಇನ್ನು ಆ ಪದ. ಅಕ್ಕೇಡಿಯನ್ ಭಾಷೆಯಲ್ಲಿ ಪ್ರಳಯಕ್ಕೆ ಅಬೂಬು ಅನ್ನುತ್ತಾರೆ. ಗಿಲ್ಗಮೆಶ್ ಒಂದನ್ನೇ ಓದಿದವರಿಗೆ ಇದು ಒಂದು ಘಟನೆಯ ಹೆಸರು ಅನ್ನಿಸುತ್ತೆ. ಅರಸರ ಶಾಸನಗಳಲ್ಲಿ ಹುಡುಕಿದರೆ ಅದು ಸವೆದುಹೋದ ಉಪಮೆ. ಹಮ್ಮುರಾಬಿಯ ಕಾನೂನಿನ ಕಂಬದಲ್ಲಿ, ಕೊನೆಯ ಶಾಪದ ಭಾಗದಲ್ಲಿ, ಈ ಶಾಸನ ಕೆಡಿಸಿದವನ ನಾಡು ಅಬೂಬು ಬಿಟ್ಟುಹೋದ ದಿಬ್ಬವಾಗಲಿ ಅಂತ ಮಳೆಯ ದೇವರನ್ನು ಕೇಳಿಕೊಳ್ಳಲಾಗಿದೆ. ಕವಿಲೆಯ ಕೊಂದ ಪಾಪ ಇದ್ದ ಹಾಗೆ ಅಲ್ವಾ? ಅಸಿರಿಯದ ಅರಸರು ಶತ್ರುಗಳ ಪಟ್ಟಣಗಳನ್ನು ಅಬೂಬು ಹೊಡೆದ ದಿಬ್ಬ ಮಾಡಿದೆವು ಅಂತ ಮತ್ತೆ ಮತ್ತೆ ಬರೆಸುತ್ತಾರೆ. ಸೆನ್ನಾಖೆರಿಬ್ ಒಂದು ಹೆಜ್ಜೆ ಮುಂದೆ ಹೋದ. ಕ್ರಿ.ಪೂ. 689ರಲ್ಲಿ ಬ್ಯಾಬಿಲೋನ್ ನಾಶ ಮಾಡಿ, ಕಾಲುವೆ ಕಡಿಸಿ ನೀರು ಹರಿಸಿ, ನನ್ನ ನಾಶ ಅಬೂಬುವನ್ನೂ ಮೀರಿಸಿತು ಅಂತ ಬವಿಯಾನ್‌ನ ಬಂಡೆಯ ಮೇಲೆ ಕೊರೆಸಿದ. ಪ್ರಳಯ ಅನ್ನೋದು ಇಲ್ಲಿ ನೆನಪಲ್ಲ, ಅರಸರು ಹೋಲಿಸಿಕೊಳ್ಳುವ ಅಳತೆಗೋಲು. ಹೂಳು ನೋಡುವವರ ಬರಹಗಳಲ್ಲಿ ಈ ಶಾಸನಗಳ ಉಲ್ಲೇಖವೇ ಇರಲ್ಲ. ಅವರು ಕಾವ್ಯ ಒಂದನ್ನು ಇಂಗ್ಲಿಷ್‌ನಲ್ಲಿ ಓದಿ, ಅದನ್ನು ಒಬ್ಬ ಪ್ರತ್ಯಕ್ಷದರ್ಶಿಯ ಹೇಳಿಕೆ ಅಂದುಕೊಂಡು ನೇರ ಗುಂಡಿಗೆ ಇಳಿಯುತ್ತಾರೆ. ನನ್ನ ಮುಖ್ಯ ಆಕ್ಷೇಪ ಇಷ್ಟೇ. ಅವರ ಭೂವಿಜ್ಞಾನದ ಬಗ್ಗೆ ತಕರಾರು ಎತ್ತುವ ಯೋಗ್ಯತೆ ನನಗಿಲ್ಲ, ಅವರ ಓದಿನ ಬಗ್ಗೆ ಇದೆ.

ಒಂದು ವಾದವನ್ನು ಮಾತ್ರ ಗೌರವದಿಂದಲೇ ಬದಿಗಿಡಬೇಕು. ವೂಲಿಯ ಶಿಷ್ಯ ಮ್ಯಾಕ್ಸ್ ಮ್ಯಾಲೊವನ್ 1964ರಲ್ಲಿ ಬರೆದ ಲೇಖನದಲ್ಲಿ ಗುರುವಿನ ಊರ್ ಬಿಟ್ಟು ಶುರುಪ್ಪಕ್‌ನ ಹೂಳಿನ ಕಡೆ ಬೆರಳು ತೋರಿಸಿದರು. ಕಾರಣ ಬರಹದಲ್ಲೇ ಇದೆ: ದೋಣಿ ಕಟ್ಟಿದ ಜಿಯುಸುದ್ರ ಶುರುಪ್ಪಕ್‌ನವನು, ಗಿಲ್ಗಮೆಶ್‌ನ ಉತ್ನಪಿಶ್ಟಿಮ್ ಕೂಡ ಅಲ್ಲಿಯವನೇ. ಊರಿನ ಹೆಸರಾದರೂ ಹೊಂದುತ್ತೆ, ಕಾಲದ ಅಂತರವೂ ಸಾವಿರ ವರ್ಷಕ್ಕೆ ಇಳಿಯುತ್ತೆ. ಆದರೂ ಅಲ್ಲಿನ ಹೂಳು ಎರಡು ಅಡಿ. ಎರಡು ಅಡಿ ಹೂಳು ತಂದ ನೆರೆಯನ್ನು ಆ ಬಯಲಿನ ಜನ ಎಷ್ಟು ಸಲ ನೋಡಿರಬೇಡ!

ಈಗ ನಮ್ಮ ಕಡೆಯ ಒಂದು ಕಲ್ಲಿಗೆ ಬರುತ್ತೇನೆ. ಈ ವಾದದ ಓರೆ ನನಗೆ ಕಂಡದ್ದು ಅಲ್ಲೇ. ಬಾದಾಮಿಯ ಮೂರನೇ ಗುಹೆ. ಮಂಗಲೇಶ ಅಣ್ಣ ಕೀರ್ತಿವರ್ಮನ ಆಳ್ವಿಕೆಯ ಹನ್ನೆರಡನೇ ವರ್ಷದಲ್ಲಿ, ಶಕ 500ರಲ್ಲಿ, ಅಂದರೆ ಕ್ರಿ.ಶ. 578ರಲ್ಲಿ ಅದನ್ನು ಮಾಡಿಸಿದ ಅಂತ ಅಲ್ಲಿನ ಶಾಸನವೇ ಹೇಳುತ್ತೆ. ಒಳಗೆ ಭೂದೇವಿಯನ್ನು ಎತ್ತಿ ನಿಂತ ವರಾಹ. ಚಲುಕ್ಯರ ಲಾಂಛನ ವರಾಹ. ಅವರ ತಾಮ್ರಪಟಗಳು ಶುರುವಾಗುವುದೇ ಕಡಲನ್ನು ಕಲಕಿ ಕೋರೆಯ ತುದಿಯಲ್ಲಿ ಭೂಮಿಯನ್ನು ಎತ್ತಿ ಹಿಡಿದ ವರಾಹನಿಗೆ ಜಯ ಹೇಳುವ ಶ್ಲೋಕದಿಂದ. ಕಲ್ಯಾಣದ ಚಾಲುಕ್ಯರ ಕಾಲಕ್ಕೂ ಅದೇ ಶ್ಲೋಕ ಬಂತು. ಸರಿ, ನೀರಲ್ಲಿ ಮುಳುಗಿದ ಭೂಮಿ, ಅದನ್ನು ಎತ್ತಿದ ದೇವರು, ಪಟದ ಮೇಲೆ ಪಟ, ಶತಮಾನಗಟ್ಟಲೆ. ಪ್ರಳಯದ ನೆನಪಿಗೆ ಇಷ್ಟು ಸಾಕ್ಷಿ ಬೇರೆಲ್ಲಿ ಸಿಗುತ್ತೆ? ಆದರೂ ಮಲಪ್ರಭಾ ದಂಡೆಯಲ್ಲಿ 6ನೇ ಶತಮಾನದ ಮಹಾನೆರೆಯ ಹೂಳು ಹುಡುಕಿ ಅಂತ ಇದನ್ನು ಓದಿದ ಯಾರೂ ಕೇಳಲ್ಲ. ಭೂಮಿಯನ್ನು ಎತ್ತಿದವನು ವಿಷ್ಣು, ಎತ್ತಿ ಹಿಡಿದಿರುವವನು ನಮ್ಮ ಅರಸ ಅನ್ನುವ ಅರ್ಥ ನಮಗೆ ಗೊತ್ತು. ಶ್ರೀಪೃಥ್ವೀವಲ್ಲಭ ಅನ್ನುವ ಬಿರುದು ಅದೇ ಪಟದಲ್ಲಿ ನಾಲ್ಕು ಸಾಲಿನ ಕೆಳಗೇ ಇರುತ್ತೆ. ಕಿಶ್‌ನ ಅರಸೊತ್ತಿಗೆ ಪ್ರಳಯದ ಮೇಲೆ ಇಳಿದದ್ದನ್ನೂ ಇದೇ ಕಣ್ಣಿನಿಂದ ಓದಬಹುದಲ್ಲ? ನಮ್ಮದನ್ನು ರೂಪಕ ಅಂತ ಓದಿ, ದೂರದವರದ್ದನ್ನು ವರದಿ ಅಂತ ಓದುವುದು ಯಾವ ನ್ಯಾಯ?

ಕಪ್ಪು ಸಮುದ್ರದ ವಾದದ ಮೇಲೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ವಿಲಿಯಂ ರಯಾನ್ ಮತ್ತು ವಾಲ್ಟರ್ ಪಿಟ್‌ಮನ್ ಅನ್ನುವ ಇಬ್ಬರು ಕಡಲ ಭೂವಿಜ್ಞಾನಿಗಳು 1997ರಲ್ಲಿ ಮಂಡಿಸಿದ್ದು: ಹಿಮಯುಗ ಮುಗಿದ ಮೇಲೆ ತಗ್ಗಿನಲ್ಲಿದ್ದ ಸಿಹಿನೀರಿನ ಕೆರೆಗೆ ಬಾಸ್ಫರಸ್ ದಾಟಿ ಮೆಡಿಟರೇನಿಯನ್ ನೀರು ನುಗ್ಗಿ, ಕ್ರಿ.ಪೂ. 5600ರ ಸುಮಾರಿಗೆ ದಡದವರು ಓಡಿಹೋದರು. ಆ ನೆನಪೇ ನೋವಾನ ಕತೆ. ಮರುವರ್ಷ ಬಂದ ಅವರ ಪುಸ್ತಕ ಜೋರಾಗಿ ಮಾರಾಟವಾಯಿತು. ಆಮೇಲೆ ಬಂದ ಅಧ್ಯಯನಗಳಲ್ಲಿ ಕೆಲವು ನೀರು ಅಷ್ಟು ತಗ್ಗಿನಲ್ಲೇ ಇರಲಿಲ್ಲ ಅಂದವು, ಕೆಲವು ನೀರು ಮೊದಲಿಂದಲೂ ಆ ಕಡೆಯಿಂದ ಈ ಕಡೆಗೆ ಹರಿಯುತ್ತಿತ್ತು ಅಂದವು. ರಯಾನ್ ತಾವೇ ತೇದಿಯನ್ನು ಹಿಂದಕ್ಕೆ ಸರಿಸಿದರು. ಅದು ಅವರ ಜಗಳ. ನಮ್ಮ ಪ್ರಶ್ನೆ ಅದೇ ಹಳೆಯದು. ನೀರು ನುಗ್ಗಿದ್ದು ಕ್ರಿ.ಪೂ. 5600, ಬರವಣಿಗೆ ಅನ್ನೋದೇ ಹುಟ್ಟಿದ್ದು ಕ್ರಿ.ಪೂ. 3300ರ ಸುಮಾರಿಗೆ, ಪ್ರಳಯದ ಕತೆ ಬರಹಕ್ಕೆ ಬಂದದ್ದು 1700ರ ಸುಮಾರಿಗೆ, ಅದೂ ಸಾವಿರ ಕಿಲೋಮೀಟರ್ ಆಚೆ. ನಡುವಿನ ನಾಲ್ಕು ಸಾವಿರ ವರ್ಷಕ್ಕೆ ಒಂದು ಅಕ್ಷರದ ಸಾಕ್ಷಿಯೂ ಇಲ್ಲ.

ಚೀನಾದ ಪ್ರಕರಣ ಇದಕ್ಕಿಂತ ಗಟ್ಟಿ, ಹಾಗಾಗಿ ಇದಕ್ಕಿಂತ ಕುತೂಹಲದ್ದು. ಮಹಾಪ್ರವಾಹವನ್ನು ಪಳಗಿಸಿ ಶ್ಯಾ ರಾಜವಂಶ ಕಟ್ಟಿದ ಯೂ ಎಂಬ ಅರಸನ ಕತೆ ಅಲ್ಲಿ ಪ್ರತಿ ಮಗುವಿಗೂ ಗೊತ್ತು. 2016ರ ಆಗಸ್ಟ್‌ನಲ್ಲಿ ವೂ ಚಿಂಗ್‌ಲಾಂಗ್ ಮತ್ತು ಸಂಗಡಿಗರು ಸೈನ್ಸ್ ಪತ್ರಿಕೆಯಲ್ಲಿ ಬರೆದರು: ಹಳದಿ ನದಿಯ ಮೇಲ್ಭಾಗದ ಜಿಶಿ ಕಮರಿಯಲ್ಲಿ ಭೂಕುಸಿತದಿಂದ ನದಿಗೆ ಅಡ್ಡಗಟ್ಟೆ ಬಿತ್ತು, ಆರರಿಂದ ಒಂಬತ್ತು ತಿಂಗಳು ನೀರು ನಿಂತು, ಆಮೇಲೆ ಗಟ್ಟೆ ಒಡೆದು ಸೆಕೆಂಡಿಗೆ ಸುಮಾರು ನಾಲ್ಕು ಲಕ್ಷ ಘನ ಮೀಟರ್ ನೀರು ನುಗ್ಗಿತು. ಕಾಲ ಕ್ರಿ.ಪೂ. 1920ರ ಸುಮಾರು. ತೇದಿ ಸಿಕ್ಕ ಬಗೆ ಮನಸ್ಸು ಹಿಂಡುವಂಥದ್ದು. ಕಮರಿಯಿಂದ 25 ಕಿಲೋಮೀಟರ್ ಕೆಳಗಿನ ಲಾಜಿಯಾ ಎಂಬ ಹಳ್ಳಿಯಲ್ಲಿ ಭೂಕಂಪದಿಂದ ಕುಸಿದ ಮನೆಯೊಳಗೆ ಸತ್ತ ಮಕ್ಕಳ ಮೂಳೆಗಳಿಂದ ಆ ಕಾಲ ಅಳೆದರು. (ನಾಲ್ಕು ಸಾವಿರ ವರ್ಷ ಹಳೆಯ ನೂಡಲ್ಸ್ ಬಟ್ಟಲು ಸಿಕ್ಕಿದ್ದೂ ಅದೇ ಹಳ್ಳಿಯಲ್ಲಿ.) ಮರುವರ್ಷ ಅದೇ ಪತ್ರಿಕೆ ಈ ಲೇಖನಕ್ಕೆ ಬಂದ ಆಕ್ಷೇಪಗಳನ್ನು ಪ್ರಕಟಿಸಿತು, ಲೇಖಕರು ಉತ್ತರ ಕೊಟ್ಟರು.

ಗಟ್ಟೆ ಒಡೆದದ್ದು ನಿಜ ಅಂತಲೇ ಇಟ್ಟುಕೊಳ್ಳಿ. ಅಲ್ಲಿಂದ ಯೂ ಚಾರಿತ್ರಿಕ ವ್ಯಕ್ತಿ, ಶ್ಯಾ ವಂಶ ಶುರುವಾದದ್ದು ಕ್ರಿ.ಪೂ. 1900ರ ಸುಮಾರಿಗೆ ಅನ್ನುವ ತೀರ್ಮಾನಕ್ಕೆ ಜಿಗಿಯುವುದು ಹೇಗೆ? ಯೂ ಹೆಸರು ಇರುವ ಅತಿ ಹಳೆಯ ಶಾಸನಗಳಲ್ಲಿ ಒಂದು, ಸ್ವೀ ಗೋಂಗ್ ಶ್ಯು ಎಂಬ ಕಂಚಿನ ಪಾತ್ರೆ. 98 ಅಕ್ಷರ, ಪಶ್ಚಿಮ ಚೌ ಕಾಲ, ಕ್ರಿ.ಪೂ. 900ರ ಆಸುಪಾಸು. ಅಂದರೆ ಇಲ್ಲೂ ಸಾವಿರ ವರ್ಷದ ಕಂದಕ. ಅದರಲ್ಲಿ ಏನಿದೆ? ಆಕಾಶ ಯೂಗೆ ಆಜ್ಞೆ ಕೊಟ್ಟಿತು, ಅವನು ನೆಲ ಹರಡಿದ, ಬೆಟ್ಟಗಳ ಜಾಡು ಹಿಡಿದು ನದಿಗಳನ್ನು ತೋಡಿ ಹರಿಸಿದ ಅಂತ ಮೊದಲ ಸಾಲು. ಉಳಿದದ್ದೆಲ್ಲ ಅರಸನ ಸದ್ಗುಣದ ಉಪದೇಶ. ಅದೊಂದೇ ಪದ ಮತ್ತೆ ಮತ್ತೆ ಬರುತ್ತೆ. ಒಡೆದ ಗಟ್ಟೆಯಿಲ್ಲ, ಸತ್ತ ಜನರಿಲ್ಲ. ಯೂ ಇಲ್ಲಿ ನೆಲಕ್ಕೆ ಅಚ್ಚುಕಟ್ಟು ತಂದ ಮೊದಲಿಗ. ಇನ್ನೊಂದು ತೊಡಕೂ ಇದೆ. ಈ ಪಾತ್ರೆ ಉತ್ಖನನದಲ್ಲಿ ಸಿಕ್ಕಿದ್ದಲ್ಲ. 2002ರಲ್ಲಿ ಬೀಜಿಂಗ್‌ನ ಪಾಲಿ ಕಲಾ ಮ್ಯೂಸಿಯಂ ಹಾಂಕಾಂಗ್‌ನ ಹಳೇ ವಸ್ತುಗಳ ಪೇಟೆಯಲ್ಲಿ ಕೊಂಡದ್ದು. ಎಲ್ಲಿ, ಯಾವ ಪದರದಲ್ಲಿ ಸಿಕ್ಕಿತು ಅನ್ನುವ ದಾಖಲೆ ಇಲ್ಲ. ಹೂಳಿಗೆ ಜಾಗ ಇದೆ, ಬರಹಕ್ಕೆ ಜಾಗ ಇಲ್ಲ.

ಹಾಗಂತ ಭೂವಿಜ್ಞಾನದಿಂದ ಯಾವ ನೆರೆಯ ಕತೆಯ ಮೂಲವೂ ಸಿಗಲ್ಲ ಅಂತ ಹೇಳಿದರೆ ನಾನು ಇನ್ನೊಂದು ತಪ್ಪು ಸ್ಲೈಡ್ ಮಾಡಿದ ಹಾಗೆ. ಅಮೆರಿಕದ ವಾಯವ್ಯ ಕರಾವಳಿಯ ಮೂಲನಿವಾಸಿಗಳಲ್ಲಿ, ಒಂದು ರಾತ್ರಿ ನೆಲ ನಡುಗಿ ಕಡಲು ಏರಿ ಬಂದು ಊರು ಕೊಂಡೊಯ್ದ ಕತೆಗಳು, ಗುಡುಗಿನ ಹಕ್ಕಿ ಮತ್ತು ತಿಮಿಂಗಿಲದ ಕಾಳಗದ ಕತೆಗಳು ಇವೆ. 1980ರ ದಶಕದಲ್ಲಿ ಬ್ರಯಾನ್ ಅಟ್‌ವಾಟರ್ ವಾಷಿಂಗ್ಟನ್ ರಾಜ್ಯದ ಅಳಿವೆಗಳಲ್ಲಿ ಉಪ್ಪುನೀರಿಗೆ ಕುಸಿದು ಸತ್ತ ಕಾಡುಗಳನ್ನೂ, ಅವುಗಳ ಬುಡದ ಮೇಲೆ ಕಡಲು ತಂದು ಹಾಸಿದ ಮರಳಿನ ಪದರವನ್ನೂ ತೋರಿಸಿದರು. ಮರಗಳ ಉಂಗುರ ಎಣಿಸಿದರೆ ಅವು ಸತ್ತದ್ದು 1699ರ ಬೇಸಿಗೆ ಕಳೆದು 1700ರ ಬೇಸಿಗೆ ಬರುವ ಮುಂಚೆ. ಇನ್ನು ಕಡಲಾಚೆ ಜಪಾನಿನಲ್ಲಿ, ಗೆನ್ರೊಕು ಶಕೆಯ ಹನ್ನೆರಡನೇ ವರ್ಷದ ಹನ್ನೆರಡನೇ ತಿಂಗಳು ಭೂಕಂಪವೇ ಆಗದೆ ಸುನಾಮಿ ಬಂತು ಅಂತ ಊರ ಮುಖ್ಯಸ್ಥರೂ ವ್ಯಾಪಾರಿಗಳೂ ಬರೆದಿಟ್ಟಿದ್ದರು. ತಾಯಿಯಿಲ್ಲದ ಸುನಾಮಿ! ಅಲೆ ಸಾಗಲು ಬೇಕಾದ ಹೊತ್ತನ್ನು ಕಳೆದು ಕೆಂಜಿ ಸತಾಕೆ ಮತ್ತು ಸಂಗಡಿಗರು 1996ರಲ್ಲಿ ಲೆಕ್ಕ ಕೊಟ್ಟರು: 1700ರ ಜನವರಿ 26, ರಾತ್ರಿ ಒಂಬತ್ತರ ಸುಮಾರು.

ಇಲ್ಲಿ ಏನೇನಿದೆ ನೋಡಿ. ಮಣ್ಣಿಗೆ ತೇದಿ ಇದೆ, ಮರಕ್ಕೆ ತೇದಿ ಇದೆ, ಬರಹಕ್ಕೆ ತೇದಿ ಇದೆ. ಬರೆದವರಿಗೆ ಆಚೆ ದಡದ ಕತೆ ಗೊತ್ತಿಲ್ಲ, ಕತೆ ಹೇಳಿದವರಿಗೆ ಜಪಾನಿನ ಬರಹ ಗೊತ್ತಿಲ್ಲ. ಒಬ್ಬರನ್ನು ನೋಡಿ ಇನ್ನೊಬ್ಬರು ನಕಲು ಮಾಡಿರುವ ಸಾಧ್ಯತೆಯೇ ಇಲ್ಲ. ಇಂಥ ಕಡೆ ಬಾಣದ ಗುರುತು ಹಾಕಲು ನನಗೆ ಯಾವ ಸಂಕೋಚವೂ ಇಲ್ಲ.

ಕೊನೆಯದಾಗಿ ಗಿರಿನಾರ್. ನಮ್ಮ ಓದುಗರಲ್ಲಿ ಬಹಳ ಜನ ಅಶೋಕನ ಶಾಸನಕ್ಕಾಗಿ ಜುನಾಗಢದ ಆ ಬಂಡೆಯನ್ನು ನೋಡಿ ಬಂದಿರುತ್ತಾರೆ. ಅದೇ ಬಂಡೆಯ ಮೇಲೆ ಮಹಾಕ್ಷತ್ರಪ ರುದ್ರದಾಮನ ಶಾಸನವೂ ಇದೆ, ಸಂಸ್ಕೃತದ ಮೊದಲ ದೊಡ್ಡ ಗದ್ಯ ಪ್ರಶಸ್ತಿ ಅಂತ ನಾವೆಲ್ಲ ಪಾಠದಲ್ಲಿ ಓದಿದ್ದು. ಆದರೆ ಅದರ ವಿಷಯ ಒಂದು ನೆರೆ. 72ನೇ ವರ್ಷ, ಅಂದರೆ ಕ್ರಿ.ಶ. 150, ಮಾರ್ಗಶೀರ್ಷ ಬಹುಳ ಪಾಡ್ಯ. ಊರ್ಜಯತ್ ಬೆಟ್ಟದಿಂದ ಇಳಿಯುವ ಸುವರ್ಣಸಿಕತಾ, ಪಲಾಶಿನಿ ಮೊದಲಾದ ಹೊಳೆಗಳು ಉಕ್ಕಿ, ಮೌರ್ಯರ ಕಾಲದಲ್ಲಿ ಪುಷ್ಯಗುಪ್ತ ಕಟ್ಟಿಸಿದ್ದ ಸುದರ್ಶನ ಕೆರೆಯ ಏರಿ ಒಡೆಯಿತು. ನೀರೆಲ್ಲ ಹೋಗಿ ಕೆರೆ ಮರುಭೂಮಿಯಾಯಿತು. ಮತ್ತೆ ಕಟ್ಟುವುದು ಆಗದ ಕೆಲಸ ಅಂತ ಮಂತ್ರಿಗಳು ಕೈಚೆಲ್ಲಿದರು, ಜನ ಗೋಳಿಟ್ಟರು. ಕೊನೆಗೆ ಸುವಿಶಾಖ ಎಂಬ ಪಹ್ಲವ ಅಧಿಕಾರಿ ಕಟ್ಟಿಸಿದ. ಅದಕ್ಕಾಗಿ ಪ್ರಜೆಗಳ ಮೇಲೆ ಕರವನ್ನಾಗಲಿ ಬಿಟ್ಟಿಯನ್ನಾಗಲಿ ಹೇರದೆ ಅರಸ ತನ್ನ ಬೊಕ್ಕಸದಿಂದಲೇ ಹಣ ಕೊಟ್ಟ. ಇದೂ ಅರಸನ ಹೊಗಳಿಕೆಯೇ. ಹಾಗಾಗಿ ಅರಸನ ಹೊಗಳಿಕೆ ಬಂದ ಕೂಡಲೇ ನೆರೆ ಸುಳ್ಳು ಅಂತಲೂ ನಾನು ಹೇಳಲಾರೆ. ನಮ್ಮ ಕನ್ನಡ ಶಾಸನಗಳಲ್ಲಿ ಒಡೆದ ಕೆರೆ ಕಟ್ಟಿಸಿದವನಿಗೆ ಬಿಟ್ಟ ಬಿತ್ತುವಟ್ಟ, ಕಟ್ಟುಗೊಡಗೆಗಳೂ ನಿಜವಾದ ನೀರಿನ ಕತೆಗಳೇ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಗಾಳಿಮಳೆಯ ವರ್ಣನೆ. ಅಂದಿನ ಗಾಳಿ ಯುಗ ಮುಗಿಯುವಾಗಿನ ಗಾಳಿಯ ಹಾಗೆ ಘೋರವಾಗಿತ್ತು, ಮಳೆ ಭೂಮಿಯನ್ನೇ ಕಡಲು ಮಾಡಿದ ಹಾಗಿತ್ತು ಅಂತ ಬರೆದಿದ್ದಾನೆ ಕವಿ. ತೇದಿ, ಹೊಳೆಗಳ ಹೆಸರು, ಒಡೆದ ಅಳತೆ ಎಲ್ಲ ಕೈಯಲ್ಲಿರುವ ನಿಜವಾದ ನೆರೆಯನ್ನು ಬಣ್ಣಿಸಲು ಅವನು ಪ್ರಳಯದ ಕತೆಯಿಂದ ಮಾತು ಸಾಲ ತಂದ. ನೆರೆಯಿಂದ ಕತೆ ಹುಟ್ಟಿತೇ ಅಂತ ನಾವು ಕೇಳುತ್ತಾ ಬಂದಿದ್ದೇವೆ. ಇಲ್ಲಿ ಕತೆ ಮೊದಲೇ ಸಿದ್ಧವಾಗಿ ನಿಂತಿತ್ತು, ನೆರೆ ಆಮೇಲೆ ಬಂದು ಅದರೊಳಗೆ ಹೊಕ್ಕಿತು. ನನ್ನ ಸ್ಲೈಡಿನ ಬಾಣ ತಿರುಗುಮುರುಗಾಗುವ ಸಾಧ್ಯತೆ ನನಗೆ ಹೊಳೆದೇ ಇರಲಿಲ್ಲ.

ಮುನ್ನೂರು ವರ್ಷದ ಮೇಲೆ, ಗುಪ್ತರ 136ನೇ ವರ್ಷದಲ್ಲಿ, ಅದೇ ಏರಿ ಮತ್ತೆ ಒಡೆಯಿತು. ಸ್ಕಂದಗುಪ್ತನ ಅಧಿಕಾರಿ ಪರ್ಣದತ್ತನ ಮಗ ಚಕ್ರಪಾಲಿತ ಮತ್ತೆ ಕಟ್ಟಿಸಿ ಅದೇ ಬಂಡೆಯ ಮೇಲೆ ಬರೆಸಿದ. ಈಗ ಆ ಕೆರೆ ಇಲ್ಲ. ಆ ಕಣಿವೆಯಲ್ಲಿ ಯಾರಾದರೂ ಹೂಳು ಹುಡುಕಿ ಗುಂಡಿ ತೋಡಿದರೆ, ಕೈಯಲ್ಲಿ ಎರಡು ತೇದಿ ಹಿಡಿದೇ ಇಳಿಯಬಹುದು. ಮೊದಲ ಸಲ ಏರಿ ಒಡೆದದ್ದು ಎಷ್ಟು ಅಂತಲೂ ರುದ್ರದಾಮ ಬರೆಸಿಟ್ಟಿದ್ದಾನೆ: 420 ಮೊಳ ಉದ್ದ, ಅಷ್ಟೇ ಅಗಲ, 75 ಮೊಳ ಆಳ.